ಅವ್ವಾರ ತವರಿನವರು

ಅವತ್ತು ಬೆಳಿಗ್ಗೆ ಹಿಂದಿನ ಬಾಗಿಲು ತೆರೆದಾಗ ಹಾವೇರಿಯ ನಮ್ಮ ಓಣಿಯ ಮೇಲೆ ಚಳಿಗಾಲದ ಕೊನೆಯ ಮಂಜು ತೆಳ್ಳಗೆ ಹರಡಿತ್ತು. ಎದುರುಮನೆಯ ನುಗ್ಗೆಗಿಡ ಬುಡವೇ ಇಲ್ಲದೆ ಗಾಳಿಯಲ್ಲಿ ತೇಲುತ್ತಿರುವ ಹಾಗೆ ಕಾಣುತ್ತಿತ್ತು. ಅಂಗಳಕ್ಕೆ ನೀರು ಹಾಕಿ, ಎರಡು ಎಳೆ ರಂಗೋಲಿ ಎಳೆದು, ಹಾಲು ಕಾಯಲು ಇಟ್ಟೆ. ಹಾಲು ಉಕ್ಕುವ ಮೊದಲು ಪಾತ್ರೆಯ ಅಂಚಿಗೆ ಸಣ್ಣ ಗುಳ್ಳೆಗಳು ಮಣಿಸರದಂತೆ ಕಟ್ಟಿಕೊಳ್ಳುತ್ತವಲ್ಲ, ಅದನ್ನು ನೋಡುತ್ತ ನಿಲ್ಲುವುದು ನನ್ನ ಹಳೆಯ ಚಟ. ಇವರು ಪೇಪರು ಹಿಡಿದು ಕೂತಿದ್ದರು. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದುತ್ತಿದ್ದಾಗ ಫೋನು ಬಂತು. ಕೈತುಂಬ ಹಿಟ್ಟು. ಕಿರುಬೆರಳಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

ಬ್ಯಾಡಗಿಯಿಂದ ಮೆಹಬೂಬಿ. ನಾವು ಅಲ್ಲಿ ಅವ್ವಾರ ಮನೆಯಲ್ಲಿ ಬಾಡಿಗೆಗಿದ್ದಾಗ ಹಿತ್ತಲ ಗೋಡೆಯ ಆಚೆಗಿದ್ದವಳು.

"ಅಕ್ಕಾರ, ಅವ್ವಾರು ಹೋದ್ರು," ಅಂದಳು. "ನಿದ್ದಿಯೊಳಗ ಹೋಗ್ಯಾರ. ಚಾ ಕೊಡಾಕ ಹೋಗಿದ್ನಿ, ಎಬ್ಬಿಸಿದ್ರ ಏಳಲಿಲ್ಲ."

ಅವಳೇ ಮುಂದುವರಿಸಿದಳು. "ಮಧ್ಯಾಹ್ನಕ್ಕ ಎತ್ತತಾರಂತ. ಅವರ ಮೈದುನಾರು ಬಂದಾರ. ತವರಿಂದ ಸೀರಿ ತರಾವ್ರು ಯಾರೂ ಇಲ್ಲಲ್ಲ, ಟ್ರಂಕಿನಾಗಿದ್ದದ್ದು ಒಂದು ಹೊದಿಸಿ ಮುಗಸೂಣು ಅನ್ನಾಕತ್ತಾರ. ನನಗ ಅದ ಸಂಕಟ ಆಗೇತ್ರಿ."

ನಮ್ಮ ಕಡೆ ಹೆಣ್ಣುಮಗಳು ಎಷ್ಟೇ ಮುದುಕಿಯಾಗಿ ಹೋಗಲಿ, ಮೈಮೇಲಿನ ಕೊನೆಯ ಸೀರೆ ತವರಿನಿಂದ ಬರಬೇಕು. ಅಣ್ಣನೋ ತಮ್ಮನೋ ಅವರ ಮಕ್ಕಳೋ ತಂದು ಹೊದಿಸಿ, 'ಎತ್ತರಿ' ಅಂದ ಮೇಲೆಯೇ ಗಂಡಿನ ಕಡೆಯವರು ಕೈಹಚ್ಚುವುದು. ಅದಿಲ್ಲದೆ ಹೋದವಳನ್ನು 'ಬರಿಮೈಲೆ ಹೋದಳು' ಅನ್ನುತ್ತಾರೆ. ಹತ್ತಾರು ಹೆಣ್ಣುಮಕ್ಕಳಿಗೆ ತವರಾಗಿದ್ದ ಅವ್ವಾರು ಬರಿಮೈಲೆ ಹೋಗುವುದೆಂದರೆ ಹೇಗೆ? ನಾದಿದ ಹಿಟ್ಟನ್ನು ಹಾಗೆಯೇ ಮುಚ್ಚಿಟ್ಟು ಕೈತೊಳೆದೆ.

ಬಸ್ ನಿಲ್ದಾಣದ ಹಾದಿಯಲ್ಲಿ ಒಂದು ಸೀರೆ ಅಂಗಡಿ ಆಗಷ್ಟೇ ಅರ್ಧ ಬಾಗಿಲು ಎತ್ತಿತ್ತು. ಊದುಬತ್ತಿ ಹಚ್ಚುತ್ತಿದ್ದ ಅಂಗಡಿಯವರು ಕೇಳಿದರು, "ಯಾರಿಗ್ರಿ ತಂಗೀ?"

"ಅವ್ವಗ," ಅಂದೆ.

ನೇರಳೆ ಬಣ್ಣದ, ಕೆಂಪು ಅಂಚಿನ ಇಳಕಲ್ ಸೀರೆ ತೆಗೆದೆ. ಅವರು ಮಡಿಕೆ ಸರಿಮಾಡುತ್ತ, "ಬಣ್ಣ ಅವ್ವಾರ ಮನಸ್ಸಿಗೆ ಬರಲಿಲ್ಲಂದ್ರ ವಾಪಸ್ ತರ್ರಿ, ಬದಲ ಮಾಡಿಕೊಡ್ತೇನಿ," ಅಂದರು. ನಾನು ಹೂಂ ಅಂದು ಚೀಲಕ್ಕೆ ಹಾಕಿಕೊಂಡೆ.

ಅವ್ವಾರ ಹೆಸರು ನನಗೆ ಗೊತ್ತಿತ್ತು. ಆದರೆ ಓಣಿಯಲ್ಲಿ ಯಾರೂ ಆ ಹೆಸರಿನಿಂದ ಕರೆದದ್ದು ಕೇಳಿಲ್ಲ, ಇಲ್ಲಿಯೂ ಅದು ಬೇಡ. ಮದುವೆಯಾದ ಹೊಸದರಲ್ಲಿ ಇವರಿಗೆ ಬ್ಯಾಡಗಿಯ ಹೈಸ್ಕೂಲಿನಲ್ಲಿ ಕೆಲಸ. ಅವ್ವಾರ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ನಾವಿದ್ದೆವು. ಅವರದು ಕಪ್ಪು ಮೈಬಣ್ಣ, ಗಿಡ್ಡ ದೇಹ, ನಡೆದರೆ ಬಲಗಾಲು ಸ್ವಲ್ಪ ಹೊರಗೆ ತಿರುಗುತ್ತಿತ್ತು. ಪಡಸಾಲೆಯಲ್ಲಿ ಒಂದು ಉದ್ದನೆಯ ಈಚಲ ಚಾಪೆ. ಅದನ್ನು ಅವರು ಎಂದೂ ಪೂರ್ತಿ ಬಿಚ್ಚಿ ಹಾಸಿದ್ದನ್ನು ನಾನು ನೋಡಲಿಲ್ಲ. ಒಂದು ತುದಿ ಸುರುಳಿಯಾಗಿಯೇ ಇರುತ್ತಿತ್ತು. ಯಾರಾದರೂ ಬಂದರೆ ಕಾಲಿನಿಂದ ಆ ಸುರುಳಿಯನ್ನು ಇನ್ನೊಂದು ಮೊಳ ಉರುಳಿಸುವರು. ಮತ್ತೊಬ್ಬರು ಬಂದರೆ ಮತ್ತೊಂದು ಮೊಳ.

ನಾನು ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬೆಳೆದವಳು. ನಮ್ಮ ಸಿಸ್ಟರು ಯಾವ ಪದಕ್ಕೂ ಒಂದೇ ಸಾಲಿನ ಅರ್ಥ ಬಾಯಿಪಾಠ ಮಾಡಿಸುತ್ತಿದ್ದರು. ತಪ್ಪಿದರೆ ಮತ್ತೆ ಮೊದಲಿನಿಂದ. ಅದೇ ರೂಢಿಯಲ್ಲಿ ನಾನೂ ಬ್ಯಾಡಗಿಯ ಓಣಿಯ ಹುಡುಗಿಯರಿಗೆ ಸಂಜೆ ಪಾಠ ಹೇಳುತ್ತಿದ್ದೆ. ಒಮ್ಮೆ, "ದ್ವೀಪ ಎಂದರೇನು? ನಾಲ್ಕೂ ಕಡೆ ನೀರಿರುವ ಭೂಮಿ," ಎಂದು ಹೇಳಿಕೊಡುತ್ತಿದ್ದೆ. ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದ ಅವ್ವಾರು ತಲೆ ಎತ್ತದೆ ಹೇಳಿದರು:

"ದೊಡ್ಡ ಮಳಿ ಬಂದ್ರ ನಮ್ಮ ಬಸ್ ಸ್ಟ್ಯಾಂಡೂ ದ್ವೀಪನ ಆಕ್ಕೈತಿ. ಅದನ್ನೂ ಸೇರಿಸ್ಕೊಳ್ರಿ."

ಹುಡುಗಿಯರು ಪುಸ್ತಕ ಬಿಟ್ಟು ನಕ್ಕರು. ಅವ್ವಾರು ನಗಲಿಲ್ಲ. ಅವರು ತಮಾಷೆಗೆ ಹೇಳಿರಲಿಲ್ಲ. 'ಅದನ್ನೂ ಸೇರಿಸ್ಕೊ' ಎಂಬುದು ಅವರ ಬಾಯಲ್ಲಿ ದಿನಕ್ಕೆಷ್ಟು ಸಲ ಬರುತ್ತಿತ್ತೋ. ಮೆಹಬೂಬಿಯ ಅತ್ತೆ ಒಮ್ಮೆ, ಎರಡು ಓಣಿ ಆಚೆಯ ಮನೆಗೆ ಅವ್ವಾರು ಸಾರು ಕಳಿಸಿದ್ದನ್ನು ನೋಡಿ, "ಅವರೇನು ನಿಮ್ಮ ಬಾಜೂ ಮನಿಯವರಾ?" ಎಂದು ಕೇಳಿದ್ದರಂತೆ. "ಯಾರ ಮನಿ ಒಗ್ಗರಣಿಗೆ ನನಗ ಸೀನ ಬರತೈತೋ ಅವರೆಲ್ಲ ಬಾಜೂ ಮನಿಯವ್ರ," ಎಂದರಂತೆ ಅವ್ವಾರು. ಬ್ಯಾಡಗಿಯಲ್ಲಿ, ಅದರಲ್ಲೂ ಮೆಣಸಿನಕಾಯಿಯ ಸುಗ್ಗಿಯಲ್ಲಿ, ಊರಿಗೆ ಊರೇ ಸೀನುತ್ತಿರುತ್ತದೆ. ಹಾಗಾಗಿ ಅವರ ಬಾಜೂ ಮನೆ ಎಲ್ಲಿಗೆ ಮುಗಿಯುತ್ತಿತ್ತು ಎಂದು ಯಾರಿಗೂ ಗೊತ್ತಾಗಲಿಲ್ಲ. ಅಂಥ ಊರಿನಲ್ಲಿದ್ದೂ ಅವರು ದುಡ್ಡು ಕೊಟ್ಟು ನಶ್ಯ ತಂದು ಏರಿಸುತ್ತಿದ್ದರು.

ಹಾಗಂತ ಅವರೇನು ದೇವತೆಯಲ್ಲ. ನಲ್ಲಿಯ ಸರದಿಯಲ್ಲಿ ಜಗಳಕ್ಕೆ ನಿಂತರೆ ಕೊಡಗಳು ತಾವೇ ಹಿಂದೆ ಸರಿಯುತ್ತವೇನೋ ಅನ್ನಿಸುತ್ತಿತ್ತು. ಚೌಕಾಬಾರದಲ್ಲಿ ಕವಡೆ ತಿರುಗಿಸಿ ಸಿಕ್ಕಿಬಿದ್ದರೆ, "ಇದು ಮೋಸ ಅಲ್ಲವಾ, ಇದೂ ಆಟದಾಗ ಬರತೈತಿ," ಅನ್ನುವರು.

ಬಸ್ಸಿನ ಕಿಟಕಿಯಾಚೆ ಮೆಕ್ಕೆಜೋಳ ಕೊಯ್ದ ಹೊಲಗಳು ಹೊಂಬಣ್ಣಕ್ಕೆ ತಿರುಗಿ ಹಿಂದೆ ಸರಿಯುತ್ತಿದ್ದವು. ಮಂಜು ಅಲ್ಲಲ್ಲಿ ಇನ್ನೂ ಹೊಲದ ಬದುವಿಗೆ ಅಂಟಿಕೊಂಡಿತ್ತು. ಚೀಲದೊಳಗೆ ಕೈಯಿಟ್ಟು ಸೀರೆಯ ಅಂಚನ್ನು ಮುಟ್ಟುತ್ತ ಕೂತಿದ್ದೆ. ಹೊಸ ಗಂಜಿಯ ವಾಸನೆ. ನನ್ನ ಮೊದಲ ಬಸಿರು ಐದು ತಿಂಗಳಿಗೆ ಇಳಿದುಹೋದದ್ದು, ದವಾಖಾನೆಯಿಂದ ಮರಳಿದ್ದು, ಇಂಥದೇ ಮಂಕು ಬೆಳಗಿನಲ್ಲಿ.

ನನ್ನ ತಾಯಿ ನಾನು ಹಾಸ್ಟೆಲಿನಲ್ಲಿದ್ದಾಗಲೇ ತೀರಿಕೊಂಡಿದ್ದಳು. ನನ್ನನ್ನು ಮದುವೆ ಮಾಡಿಕೊಟ್ಟ ಮೇಲೆ ಅಪ್ಪ ಊರಿನ ಮನೆ ಬಿಟ್ಟು ತನ್ನ ಅಣ್ಣನ ಹತ್ತಿರ ಹೋಗಿ ನಿಂತ. ಹೋಗುವುದಕ್ಕೆ ತವರೆಂಬುದು ಇರಲಿಲ್ಲ. ಊರಿನಿಂದ ಬಂದ ಅತ್ತೆ ಕೆಟ್ಟವರಲ್ಲ, ಎರಡು ದಿನ ಮಲಗು, ಆಮೇಲೆ ಏಳುವಿಯಂತೆ ಅಂದರು. ಕೂಸಿಲ್ಲದ ಬಾಣಂತನವನ್ನು ಅವರು ಎಲ್ಲೂ ಕಂಡಿರಲಿಲ್ಲ. ಮೂರನೆಯ ದಿನ ನಾನು ಬಟ್ಟೆ ಒಗೆಯಲು ಕೂತಿದ್ದನ್ನು ಅವ್ವಾರು ನೋಡಿದರು. ಕೈಯಿಂದ ಸಾಬೂನು ಕಸಿದುಕೊಂಡು, ರಟ್ಟೆ ಹಿಡಿದು ತಮ್ಮ ಒಳಕೋಣೆಗೆ ಕರೆದೊಯ್ದರು. ಅಲ್ಲಿ ಆಗಲೇ ಹೊರಸು ಹಾಸಿತ್ತು. ಕೆಳಗೆ ಸಗಣಿ ಕುಳ್ಳಿನ ಕೆಂಡ. ಕಿವಿಗೆ ಹತ್ತಿ, ತಲೆಗೆ ಕುಲಾಯಿಯಂತೆ ಬಿಗಿದ ಹಳೆಯ ಸೀರೆಯ ತುಂಡು, ಬೆಳಿಗ್ಗೆ ಅಂಟಿನ ಉಂಡಿ, ರಾತ್ರಿ ಅಳವಿಯ ಪಾಯಸ.

ಅತ್ತೆ ಬಾಗಿಲಲ್ಲಿ ನಿಂತು ಸಣ್ಣ ದನಿಯಲ್ಲಿ ಹೇಳಿದರು: "ಬಾಣಂತನ ಅನ್ನಾಕ ಕೂಸ ಬೇಕಲ್ರಿ ಅವ್ವಾರ."

"ಬಾಣಂತಿ ಅಂದ್ರ ಮೈ ಹಸಿ ಇದ್ದಾಕಿ," ಅಂದರು ಅವ್ವಾರು, ಕೆಂಡ ಕೆದಕುತ್ತ. "ತೊಟ್ಟಲದಾಗ ಏನೈತಿ ಏನಿಲ್ಲ ಅನ್ನೂದು ಆಮ್ಯಾಲಿನ ಮಾತು. ನೀವೂ ಒಳಗ ಬರ್ರಿ, ಕುಂದ್ರಿ. ಹೊಗಿ ಹೊರಗ ಹೊಂಟೈತಿ."

ಅತ್ತೆ ಬಂದು ಕೂತರು. ಸ್ವಲ್ಪ ಹೊತ್ತಿನ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಅವರಿಗೂ ಹಿಂದೆ ಒಮ್ಮೆ ಹೀಗಾಗಿತ್ತಂತೆ. ಅದನ್ನು ಅವತ್ತೇ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ನೋಡಲು ಬಂದವರು 'ಇನ್ನೊಂದಾಕ್ಕೈತಿ ಬಿಡವಾ' ಅಂದರೆ ಅವ್ವಾರಿಗೆ ಸಿಟ್ಟು ಬರುತ್ತಿತ್ತು. "ಇನ್ನೊಂದು ಅನ್ನೂದು ಇನ್ನೊಂದು. ಇದು ಇದ," ಅನ್ನುವರು. ಆ ಕೋಣೆಯಲ್ಲಿ ಹೊಗೆಯೂ ಬೆಳಕೂ ಬೆರೆತು ಹಗಲು ಯಾವುದು ಇರುಳು ಯಾವುದು ತಿಳಿಯುತ್ತಿರಲಿಲ್ಲ. ಈಗಲೂ ಜ್ವರ ಬಂದಾಗ ಅದೇ ಹೊಗೆಯ ನಡುವೆ ಮಲಗಿರುವ ಹಾಗೆ ಕನಸು ಬೀಳುತ್ತದೆ. ಮುಂದೆ ಮಗಳು ಹುಟ್ಟಿದಾಗಲೂ ಅದೇ ಹೊರಸು.

ಶ್ರಾವಣದಲ್ಲಿ ಪಂಚಮಿ ಬಂದರೆ ನಮ್ಮ ಕಡೆ ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುತ್ತಾರೆ. ಜೋಕಾಲಿ, ಉಂಡಿ, ಮರಳುವಾಗ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬುವುದು. ಅವ್ವಾರ ತವರು ಗಳಗನಾಥದ ಕಡೆ, ಹೊಳೆದಂಡೆಯ ಹಳ್ಳಿ. ತಾಯಿ ಇರಲಿಲ್ಲ. ಒಬ್ಬ ಅಣ್ಣ ಇದ್ದ, ಅವನು ಒಂದು ವರ್ಷವೂ ಕರೆಯಲು ಬರಲಿಲ್ಲ. ಆಮೇಲೆ ಅವನೂ ಹೋದ, ಮನೆಯೂ ಬೇರೆಯವರ ಪಾಲಾಯಿತು. ಹೊಸ ಸೊಸೆಯಾಗಿದ್ದಾಗ ಪಂಚಮಿಯ ಹಿಂದಿನ ದಿನ ಕಟ್ಟೆಯ ಮೇಲೆ ಕೂತು, ಸ್ಟೇಷನ್ನಿನ ಕಡೆಯಿಂದ ಬರುವ ಪ್ರತಿ ಟಾಂಗಾವನ್ನೂ ನೋಡುತ್ತಿದ್ದರಂತೆ. "ಕುದರಿ ಎಲ್ಲಾ ನನ್ನ ಗುರ್ತಾ ಹಿಡೀತಿದ್ವು, ಮಂದಿ ಹಿಡೀಲಿಲ್ಲ," ಎಂದು ನನಗೆ ಒಮ್ಮೆ ಹೇಳಿ ನಕ್ಕಿದ್ದರು. "ಆಮ್ಯಾಲ ಅನಿಸ್ತು ನೋಡು. ಕರಿಯಾಕ ಯಾರೂ ಬರಲಿಲ್ಲಂದ್ರ ನಾವ ಕರಿಯಾವ್ರು ಆಗಬೇಕು."

ಹೀಗೆ ಅವರ ಮನೆಯಲ್ಲಿ ಪಂಚಮಿ ಶುರುವಾಯಿತು. ಕರೆಯುವವರಿಲ್ಲದವರೆಲ್ಲ ಬರುತ್ತಿದ್ದರು. ಮೇಡ್ಲೇರಿಯ ದುರಗವ್ವ ಬರುವಳು. ಅವಳು ಸುಗ್ಗಿಯಲ್ಲಿ ತೊಟ್ಟು ಬಿಡಿಸಲು ಬಂದು ಅವ್ವಾರ ಪಡಸಾಲೆಯಲ್ಲೇ ಉಳಿಯುತ್ತಿದ್ದವಳು. ಗಂಡನನ್ನು ಬಿಟ್ಟು ಬಂದಳೆಂದು ಅವಳ ಅಣ್ಣಂದಿರು ಬಾಗಿಲು ಹಾಕಿದ್ದರು. ನಮಗಿಂತ ಮೊದಲು ಆ ಕೋಣೆಗಳಲ್ಲಿದ್ದ ಟೀಚರು ರಾಣೆಬೆನ್ನೂರಿನಿಂದ ಬರುವರು. ಅವರು ಮದುವೆಯಾದವರಲ್ಲ, ಗಂಡನ ಮನೆಯೇ ಇಲ್ಲದವರಿಗೆ ತವರೆಂಬ ಮಾತೇ ಹುಟ್ಟುವುದಿಲ್ಲ ಎಂದು ಓಣಿಯವರು ನಗುತ್ತಿದ್ದರು. "ದುಡದು ದಣದು ಬರಾಕ ಒಂದ ಮನಿ ಬೇಕಲ್ಲ, ಅದನ್ನೂ ಸೇರಿಸ್ಕೊ," ಅವ್ವಾರದು ಅದೇ ಮಾತು. ಗೋಡೆಯಾಚೆಯಿಂದ ಮೆಹಬೂಬಿ ಉಂಡಿ ಕಟ್ಟಲು ಬಂದವಳು ತಾನೂ ಜೋಕಾಲಿ ಏರಿ ಕೂರುವಳು.

ಅವ್ವಾರ ಗಂಡ ತೀರಿಕೊಂಡ ವರ್ಷ, ಈ ಸಲ ಪಂಚಮಿ ಇಲ್ಲ ಅಂದುಕೊಂಡೇ ಎಲ್ಲರೂ ಬಂದಿದ್ದೆವು. ಗಂಡ ಸತ್ತವಳು ಉಡಿ ತುಂಬುವ ಹಾಗಿಲ್ಲವಲ್ಲ. ಅವರು ಎಂದಿನಂತೆ ಮೊರ ತಂದು ಹೊಸ್ತಿಲ ಮೇಲಿಟ್ಟು ಕೂತರು. ಯಾರೂ ಮುಂದೆ ಹೋಗಲಿಲ್ಲ.

"ಯಾಕ ನಿಂತೀರಿ? ಕೈ ಅದ, ಅಕ್ಕಿ ಅದ, ಉಡಿ ಅದ. ಇದರಾಗ ಗಂಡಂದೇನೈತಿ ಕೆಲಸ?"

ದುರಗವ್ವ ಮೊದಲು ಸೆರಗೊಡ್ಡಿದಳು. ಅಕ್ಕಿ ಬೀಳುವ ಸದ್ದು ಎಷ್ಟು ಮೆತ್ತಗಿರುತ್ತದೆ ಎಂದು ನಾನು ಗಮನಿಸಿದ್ದು ಅವತ್ತು.

ಬ್ಯಾಡಗಿಯಲ್ಲಿ ಇಳಿದಾಗ ಊರ ಮೇಲೆ ಕೆಂಪು ಧೂಳಿನ ತೆರೆ. ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ದಿನಗಳು. ಅವ್ವಾರ ಅಂಗಳದಲ್ಲಿ ಸೇರಿದವರೆಲ್ಲ ಸೀನುತ್ತಿದ್ದರು. ಯಾರ ಕಣ್ಣೀರು ಅಳುವಿನದು, ಯಾರದು ಘಾಟಿನದು, ಹೇಳಲಾಗುತ್ತಿರಲಿಲ್ಲ. ಅವ್ವಾರನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಮುಖದ ಮೇಲೆ ಯಾರನ್ನೋ ಬೈಯಲು ಹೊರಟು ಮರೆತಂಥ ಭಾವ. ಮೂಗಿನ ತುದಿಗೆ ನಶ್ಯದ ಸಣ್ಣ ಕಲೆ ಹಾಗೇ ಇತ್ತು. ಎದುರಿಗೆ ಟೀಚರು ಕೂತಿದ್ದರು, ಮಡಿಲಲ್ಲಿ ಬ್ಯಾಗು. ಕಂಬದ ಹತ್ತಿರ ದುರಗವ್ವ, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. ನಾವು ಒಬ್ಬರನ್ನೊಬ್ಬರು ನೋಡಿದೆವು.

ಕೊನೆಯ ಸೀರೆಯ ಹೊತ್ತು ಬಂತು. ಅವ್ವಾರ ಮೈದುನ ವಯಸ್ಸಾದವರು, ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದರು. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ರೂಢಿಗೆಂದು ಕೂಗಿ ಕೇಳಿದರು:

"ತವರಿನವ್ರು ಯಾರರೆ ಬಂದಾರೇನ್ರಿ?"

ನಾನು ತರಗತಿಯಲ್ಲಿ ಎತ್ತುವ ಹಾಗೆ ಕೈ ಎತ್ತಿದೆ.

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ನೀವು ಮುಂದಿನ ಕೋಣ್ಯಾಗ ಬಾಡಿಗಿ ಇದ್ದವ್ರಲ್ರಿ?"

"ಹೌದ್ರಿ. ತವರಿನಾಕಿ. ಸೀರಿ ತಂದೇನಿ."

ಅವ್ವಾರ ನಾದಿನಿ, ಈ ಮೈದುನರ ಅಕ್ಕ, ತಲೆಯ ಹತ್ತಿರ ಕೂತಿದ್ದವರು ತಿರುಗಿದರು. "ತವರ ಅಂದ್ರ ಹಾದ್ಯಾಗ ಬಿದ್ದಿರತೈತೇನವಾ, ಯಾರ ಬೇಕಾದ್ರೂ ಎತ್ತಿಕೊಳ್ಳಾಕ? ಅದಕ್ಕ ರಕ್ತ ಬೇಕು. ನಾಳೆ ಮಂದಿ ನಮಗ ಆಡಿಕೊಳ್ತಾರ."

"ರಕ್ತದವ್ರು ಎಲ್ಲಿ ಅದಾರ ತೋರಸ್ರಿ ಯಕ್ಕಾ," ಕಂಬದ ಕಡೆಯಿಂದ ದುರಗವ್ವ. "ಅವರ ಕಾಲಿಗೆ ಬಿದ್ದು ಹಾದಿ ಬಿಡತೇನಿ. ಒಂದ ಪಂಚಮಿಗೆ ಬರದಾವ್ರು ಇವತ್ತ ಬರ್ತಾರೇನು?" ಹೀಗೆನ್ನುತ್ತಲೇ ಚೀಲದಿಂದ ಸೀರೆ ಹೊರತೆಗೆದಳು. ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಅದನ್ನು ನೋಡಿ ಟೀಚರು ಬೆಚ್ಚಿದವರಂತೆ ತಮ್ಮ ಬ್ಯಾಗಿನ ಜಿಪ್ಪು ಎಳೆದರು. ಅಲ್ಲಿಯೂ ಒಂದು, ಹಾಲುಬಣ್ಣದ್ದು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಮೆಹಬೂಬಿ, "ಈದಿಗಂತ ತಗೊಂಡಿದ್ನಿರಿ, ಇನ್ನೂ ಘಳಿಗಿ ಮುರದು ಉಟ್ಟಿಲ್ಲ," ಎಂದು ಹಸಿರು ಸೀರೆಯನ್ನು ಎದೆಗವಚಿಕೊಂಡು ಒಳಬಂದಳು.

ನಾಲ್ವರೂ ತಾನೊಬ್ಬಳೇ ಅಂದುಕೊಂಡು ಬಂದಿದ್ದೆವು. ಯಾರೋ ಕಿಸಕ್ಕನೆ ನಕ್ಕು, ತಕ್ಷಣ ಸೀನಿ ಮುಚ್ಚಿಕೊಂಡರು.

"ಒಬ್ಬಾಕಿಗೆ ನಾಕ ತವರ," ನಾದಿನಿ ತಮ್ಮನ ಮುಖ ನೋಡಿದರು. "ಎಲ್ಲ್ಯಾರ ಕೇಳೀಯೇನೋ ಇದನ್ನ? ಟ್ರಂಕಿನಾಗಿಂದು ತಗಿ, ಸುಮ್ಮನ ಹೊದಿಸಿ ಮುಗಸು."

ಮೈದುನರು ಎಷ್ಟೋ ಹೊತ್ತು ಟೊಪ್ಪಿಗೆಯ ಅಂಚು ತಿರುಗಿಸುತ್ತ ನಿಂತರು. ಅವರು ಬೇಡ ಅಂದಿದ್ದರೆ ನಾವು ಏನೂ ಮಾಡುವ ಹಾಗಿರಲಿಲ್ಲ. ಮನೆ ಅವರದು, ಹೆಣ ಅವರದು.

ಕೊನೆಗೆ ಅವರು ಅಕ್ಕನಿಗೆ ಹೇಳಿದರು, ದನಿ ಏರಿಸದೆ: "ನನ್ನ ಹೇಣ್ತಿ ಬಾಣಂತನ ಎಲ್ಲಾ ಈ ಮನ್ಯಾಗ ಆದ್ವು, ಆಕಿ ತವರಿನಾಗಲ್ಲ. ಅವಾಗ ನೀನ ಅಂದಿದ್ದಿ, ವೈನಿ ತವರಿನಕಿಂತ ಹೆಚ್ಚ ಮಾಡಿದ್ಲು ಅಂತ. ಅವಾಗ ನಡದದ್ದು ಇವತ್ತ ಯಾಕ ನಡಿಯೂದಿಲ್ಲ?"

ನಾದಿನಿ ಕೂತಲ್ಲಿಂದ ಸ್ವಲ್ಪ ಸರಿದು ಜಾಗ ಬಿಟ್ಟರು.

ಹೊದಿಸಿದೆವು. ಯಾರದು ಮೇಲೆ, ಯಾರದು ಕೆಳಗೆ ಎಂಬ ಮಾತು ಬರಲಿಲ್ಲ. ದುರಗವ್ವ ಕೈಗೆ ಸಿಕ್ಕ ಹಾಗೆ ಒಂದರ ಮೇಲೊಂದು ಹೊದಿಸುತ್ತ ಹೋದಳು. ಗಿಡ್ಡ ಅವ್ವಾರು ಬಣ್ಣಗಳ ನಡುವೆ ಇನ್ನೂ ಗಿಡ್ಡಾಗಿ, ಜಾತ್ರೆಗೆ ಹೊರಟ ಸಣ್ಣ ಹುಡುಗಿಯಂತೆ ಕಂಡರು. ನಾದಿನಿಯೇ ಕೈಚಾಚಿ ಹಸಿರು ಸೀರೆಯ ಮಡಿಕೆಯೊಂದನ್ನು ಸರಿಮಾಡಿದರು. ಮೈದುನರು ನಮ್ಮ ಮುಂದೆ ಬಂದು ಎರಡೂ ಕೈ ಜೋಡಿಸಿದರು.

"ತವರಿನವ್ರು ಹೇಳ್ರಿ. ಎತ್ತೂಣೇನು?"

ಆ ಕ್ಷಣದವರೆಗೂ ಸೀರೆಯೊಂದೇ ನನ್ನ ತಲೆಯಲ್ಲಿದ್ದದ್ದು. ಅದರ ಹಿಂದೆ ಈ ಮಾತೂ ಬರುತ್ತದೆ, ಕಳಿಸಿಕೊಡುವವರೂ ನಾವೇ ಆಗಬೇಕಾಗುತ್ತದೆ ಎಂದು ಹೊಳೆದಿರಲಿಲ್ಲ. ಟೀಚರು ನೆಲ ನೋಡಿದರು. ಅಷ್ಟು ಮಾತಾಡಿದ ದುರಗವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಮೆಹಬೂಬಿ ನನ್ನ ಮೊಣಕೈ ಹಿಡಿದಳು. ಗಂಡಸರು ಕಾಯುತ್ತಿದ್ದರು. ಮಾಡಿನ ಹಂಚಿನ ಸಂದಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಕೆಂಪು ಧೂಳು ನಿಧಾನ ಏಳುತ್ತಿತ್ತು.

"ಎತ್ತರಿ," ಅಂದೆ.

ಹಾವೇರಿಯಲ್ಲಿ ಇಳಿದಾಗ ಸಂಜೆಯ ಬೆಳಕು ಓಣಿಯ ಗೋಡೆಗಳ ಮೇಲೆ ತೆಳ್ಳಗೆ ಒರಗಿತ್ತು. ಸ್ನಾನ ಮಾಡದೆ ಒಳಗೆ ಹೋಗುವಂತಿಲ್ಲ. ಇವರು ಬಿಸಿನೀರು ತರುವವರೆಗೆ ಮಡಿಸಿದ ಖಾಲಿ ಚೀಲ ಹಿಡಿದು ಗೇಟಿನ ಹತ್ತಿರ ನಿಂತಿದ್ದೆ. ಪಕ್ಕದ ಮನೆಯ ಸುಮಕ್ಕ ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಅವಳು ಈ ಓಣಿಗೆ ಬಂದಾಗಿನಿಂದ ನಾನು ಬ್ಯಾಡಗಿಗೆ ಹೋಗುವುದನ್ನೂ, ಮರಳುವಾಗ ಖಾರದ ಪುಡಿಯೋ ಉಂಡಿಯೋ ತುಂಬಿದ ಚೀಲ ಹೊತ್ತು ಬರುವುದನ್ನೂ ನೋಡಿದ್ದಾಳೆ. ಯಾರ ಮನೆ ಎಂದು ಅವಳು ಕೇಳಿಲ್ಲ, ನಾನು ಹೇಳಿಲ್ಲ. ಸೊಪ್ಪಿನ ಕಡ್ಡಿ ಮುರಿಯುತ್ತಲೇ ನನ್ನ ಕೈಯತ್ತ ಒಮ್ಮೆ ನೋಡಿದಳು.

"ತವರಿಗೆ ಹೋಗಿದ್ರೇನ್ರಿ? ಏನ ಇದು, ಈ ಸಲ ನಿಮ್ಮವ್ವಾರು ಬರಿಗೈಲೆ ಕಳಿಸ್ಯಾರಲ್ಲ."